ಎಕ್ಸ್-ರೇ ದೂರದರ್ಶಕದ ಕನ್ನಡಿಗೆ ಬಡಿದ ಪ್ರೋಟಾನ್ ಎಲ್ಲಿಗೆ ಹೋಗುತ್ತದೆ? ಲೆಕ್ಕ ಹಾಕುವವರಿಗೆ ಒಂದು ಸಮಗ್ರ ಮಾರ್ಗದರ್ಶಿ

1999ರ ಜುಲೈ 23ರಂದು ಕೊಲಂಬಿಯಾ ನೌಕೆ ಚಂದ್ರಾ ಎಕ್ಸ್-ರೇ ದೂರದರ್ಶಕವನ್ನು ಹೊತ್ತು ಮೇಲೇರಿತು. ಸುಬ್ರಹ್ಮಣ್ಯನ್ ಚಂದ್ರಶೇಖರ್ ಅವರ ಹೆಸರು ಹೊತ್ತ ದೂರದರ್ಶಕ ಅದು. ಕನ್ನಡಿಯ ಮುಚ್ಚಳ ತೆರೆದ ಕೆಲವೇ ವಾರಗಳಲ್ಲಿ ಒಂದು ಕೆಟ್ಟ ಸುದ್ದಿ ಬಂತು. ಅದರ ಮುಖ್ಯ ಕ್ಯಾಮೆರಾದಲ್ಲಿ ಹತ್ತು ಸಿಸಿಡಿಗಳಿವೆ, ಅಂದರೆ ಎಕ್ಸ್-ರೇ ಹಿಡಿಯುವ ಸಿಲಿಕಾನ್ ಚಿಪ್‌ಗಳು. ಅವುಗಳಲ್ಲಿ ಎಂಟು ಹಾಳಾಗತೊಡಗಿದ್ದವು. ಎಕ್ಸ್-ರೇ ಕಣದ ಶಕ್ತಿಯನ್ನು ನಿಖರವಾಗಿ ಅಳೆಯುವ ಗುಣ ದಿನೇ ದಿನೇ ಕುಗ್ಗುತ್ತಿತ್ತು.

ಕ್ಯಾಮೆರಾದ ಸುತ್ತ ದಪ್ಪ ಲೋಹದ ಕವಚ ಇತ್ತು. ಪಕ್ಕದಿಂದ ಬರುವ ಪ್ರೋಟಾನ್‌ಗಳನ್ನು ಅದು ತಡೆಯುತ್ತಿತ್ತು. ಆದರೆ ಹಾನಿ ಮಾಡಿದವು ಪಕ್ಕದಿಂದ ಬಂದಿರಲಿಲ್ಲ. ಭೂಮಿಯ ಕಾಂತಕ್ಷೇತ್ರ ಕಣಗಳನ್ನು ಹಿಡಿದಿಟ್ಟ ವಿಕಿರಣ ಪಟ್ಟಿಗಳನ್ನು ದಾಟುವಾಗ ಕಡಿಮೆ ಶಕ್ತಿಯ ಪ್ರೋಟಾನ್‌ಗಳು ಮುಂಬಾಗಿಲಿನಿಂದಲೇ ಒಳಗೆ ಬಂದಿದ್ದವು. ಎಕ್ಸ್-ರೇಗೆಂದು ಮಾಡಿದ ಕನ್ನಡಿಯನ್ನು ಸವರಿಕೊಂಡು, ಎಕ್ಸ್-ರೇ ಹೋಗುವ ದಾರಿಯಲ್ಲೇ ಜಾರಿ, ನೇರ ಸಿಸಿಡಿಯ ಮೇಲೆ ಬಿದ್ದಿದ್ದವು. ಕನ್ನಡಿಯೇ ಲಾಳಿಕೆಯಾಗಿತ್ತು.

ಈ ಲಾಳಿಕೆಯಿಂದ ಎಷ್ಟು ಪ್ರೋಟಾನ್ ಇಳಿಯುತ್ತದೆ ಎಂದು ಅಂದಾಜು ಮಾಡುವುದು ಹೇಗೆ? ಅದಕ್ಕೇ ಈ ಬರಹ. ಭೌತಶಾಸ್ತ್ರದ ಎಂಎಸ್ಸಿ ವಿದ್ಯಾರ್ಥಿಗಳು ಮತ್ತು ಬಾಹ್ಯಾಕಾಶ ಉಪಕರಣಗಳ ಕೆಲಸಕ್ಕೆ ಹೊಸದಾಗಿ ಸೇರಿದವರು ನನ್ನ ಕಣ್ಣ ಮುಂದಿದ್ದಾರೆ. ಡಿಗ್ರಿಯನ್ನು ರೇಡಿಯನ್‌ಗೆ ಬದಲಿಸಲು ಬಂದರೆ ಸಾಕು. ದೊಡ್ಡ ಸಿಮ್ಯುಲೇಶನ್‌ಗೆ ಕೈ ಹಾಕುವ ಮೊದಲು ಕಾಗದ, ಪೆನ್ಸಿಲ್ ಹಿಡಿದು ಇದನ್ನೆಲ್ಲ ಒಮ್ಮೆ ಮಾಡಿ ನೋಡಿ. ಕಂಪ್ಯೂಟರ್ ಕೊಡುವ ಉತ್ತರ ಸರಿಯೋ ತಪ್ಪೋ ಎಂದು ಹೇಳುವ ಶಕ್ತಿ ಅದರಿಂದ ಬರುತ್ತದೆ.

ಹಂತ 1: ಸವರು ಕೋನವನ್ನು ಕಂಡುಹಿಡಿಯಿರಿ

ಎಕ್ಸ್-ರೇ ಮಾಮೂಲಿ ಕನ್ನಡಿಗೆ ನೇರವಾಗಿ ಬಡಿದರೆ ಒಳಗೆ ಹೊಕ್ಕು ಕರಗಿ ಹೋಗುತ್ತದೆ. ತೀರಾ ಸಣ್ಣ ಕೋನದಲ್ಲಿ, ಮೇಲ್ಮೈಯನ್ನು ಸವರಿದಂತೆ ಬಡಿದರೆ ಮಾತ್ರ ಪ್ರತಿಫಲಿಸುತ್ತದೆ. ಅದಕ್ಕೇ ಈ ಕನ್ನಡಿಗಳು ತಟ್ಟೆಯಂತೆ ಇರುವುದಿಲ್ಲ, ಕೊಳವೆಯಂತೆ ಇರುತ್ತವೆ. ಒಂದರೊಳಗೊಂದು ಕೂರಿಸಿದ ಸ್ಟೀಲ್ ಲೋಟಗಳ ತಳ ಕತ್ತರಿಸಿ ತೆಗೆದಂತೆ ಎಂದುಕೊಳ್ಳಿ. ಪ್ರತಿ ಕೊಳವೆಯಲ್ಲೂ ಎರಡು ಭಾಗ. ಮುಂದಿನದು ಪ್ಯಾರಬೊಲಾ ಆಕಾರ, ಹಿಂದಿನದು ಹೈಪರ್‌ಬೊಲಾ ಆಕಾರ. ಕಿರಣ ಎರಡಕ್ಕೂ ಒಂದೊಂದು ಸಲ ತಾಗಿ ನಾಭಿಗೆ ಹೋಗುತ್ತದೆ. ಇದು ವೋಲ್ಟರ್-1 ವಿನ್ಯಾಸ.

ಪ್ರತಿ ಸಲ ತಾಗಿದಾಗಲೂ ಕಿರಣ ಸವರು ಕೋನದ ಎರಡರಷ್ಟು ಬಾಗುತ್ತದೆ. ಎರಡು ಸಲಕ್ಕೆ ನಾಲ್ಕರಷ್ಟು. ಆ ಒಟ್ಟು ಬಾಗು ಕೊಳವೆಯ ತ್ರಿಜ್ಯವನ್ನು ನಾಭಿದೂರದಿಂದ ಭಾಗಿಸಿದಷ್ಟು ಇರಬೇಕು. ಹಾಗಾಗಿ:

ಸವರು ಕೋನ ಕ = (ತ್ರಿಜ್ಯ ÷ ನಾಭಿದೂರ) ÷ 4

ಚಂದ್ರಾದ ಅತಿ ಹೊರಗಿನ ಕನ್ನಡಿಯ ವ್ಯಾಸ ಸುಮಾರು 1.2 ಮೀಟರ್, ನಾಭಿದೂರ ಸುಮಾರು 10 ಮೀಟರ್. 0.6 ÷ 10 ÷ 4 = 0.015 ರೇಡಿಯನ್. ಅಂದರೆ ಸುಮಾರು 0.86 ಡಿಗ್ರಿ. ಯುರೋಪಿನ ಎಕ್ಸ್‌ಎಂಎಂ-ನ್ಯೂಟನ್ ದೂರದರ್ಶಕದ ಹೊರ ಕನ್ನಡಿಯ ತ್ರಿಜ್ಯ 0.35 ಮೀಟರ್, ನಾಭಿದೂರ 7.5 ಮೀಟರ್. ಅಲ್ಲಿ ಕೋನ 0.67 ಡಿಗ್ರಿ. ಒಳಗಿನ ಕೊಳವೆಗಳಲ್ಲಿ ಅದು 0.3 ಡಿಗ್ರಿಯ ತನಕ ಇಳಿಯುತ್ತದೆ. ಮುಂದಿನ ಲೆಕ್ಕಗಳಿಗೆ ಎಕ್ಸ್‌ಎಂಎಂ ಅನ್ನೇ ಹಿಡಿಯೋಣ, ಕ = 0.5 ಡಿಗ್ರಿ ಎಂದಿಟ್ಟುಕೊಳ್ಳೋಣ. ಅದರಲ್ಲಿ ಮೂರು ದೂರದರ್ಶಕಗಳಿವೆ. ಒಂದೊಂದರಲ್ಲೂ ಚಿನ್ನ ಲೇಪಿಸಿದ 58 ನಿಕ್ಕಲ್ ಕೊಳವೆಗಳಿವೆ.

ಹಂತ 2: ಪ್ರೋಟಾನ್ ಯಾಕೆ ಪುಟಿಯುತ್ತದೆ ಎಂದು ಮನವರಿಕೆ ಮಾಡಿಕೊಳ್ಳಿ

ಇಲ್ಲಿ ಸ್ವಲ್ಪ ನಿಲ್ಲಿ. ಈ ಇಡೀ ವಿಷಯದಲ್ಲಿ ನನಗೆ ತುಂಬಾ ಇಷ್ಟವಾದ ಲೆಕ್ಕ ಇದು.

100 ಕಿಲೋ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯ ಒಂದು ಪ್ರೋಟಾನ್ ತೆಗೆದುಕೊಳ್ಳಿ. ಇನ್ನು ಮುಂದೆ ಈ ಅಳತೆಯನ್ನು ಕೆಇವಿ ಎನ್ನೋಣ. ಇದರ ವೇಗ ಸೆಕೆಂಡಿಗೆ ಸುಮಾರು 4,400 ಕಿಲೋಮೀಟರ್. ಇಷ್ಟು ಜೋರಾಗಿ ಬಂದದ್ದು ಚಿನ್ನದೊಳಗೆ ತೂರಿಕೊಂಡು ಹೋಗಬೇಕಲ್ವಾ? ನೇರವಾಗಿ ಬಡಿದರೆ ಹೌದು. ಆದರೆ ಅದು ಬರುವುದು ಅರ್ಧ ಡಿಗ್ರಿಯಲ್ಲಿ. ಮೇಲ್ಮೈಗೆ ಲಂಬವಾಗಿ ಅದರ ಶಕ್ತಿ ಎಷ್ಟಿದೆ ನೋಡಿ:

ಲಂಬ ಶಕ್ತಿ = ಒಟ್ಟು ಶಕ್ತಿ × (ಸೈನ್ ಕ)² = 1,00,000 × (0.0087)² = ಸುಮಾರು 7.6 ಎಲೆಕ್ಟ್ರಾನ್ ವೋಲ್ಟ್

ಒಂದು ಲಕ್ಷದಲ್ಲಿ ಬರೀ ಏಳೂವರೆ! ಮೇಲ್ಮೈಯಲ್ಲಿ ಸಾಲಾಗಿ ಕೂತ ಚಿನ್ನದ ಪರಮಾಣುಗಳು ಒಟ್ಟಾಗಿ ಒಡ್ಡುವ ವಿದ್ಯುತ್ ತಡೆ ಕೆಲವು ಹತ್ತು ಎಲೆಕ್ಟ್ರಾನ್ ವೋಲ್ಟ್ ಮಟ್ಟದ್ದು. ಹಾಗಾಗಿ ಪ್ರೋಟಾನ್‌ಗೆ ಅದನ್ನು ದಾಟಲು ಆಗುವುದಿಲ್ಲ. ಕೆರೆಯ ನೀರಿನ ಮೇಲೆ ಸವರುವಂತೆ ಬೀಸಿದ ಚಪ್ಪಟೆ ಕಲ್ಲಿನ ಹಾಗೆ ಅದು ಪುಟಿದು ಮುಂದೆ ಸಾಗುತ್ತದೆ.

ಇದೇ ಲೆಕ್ಕವನ್ನು 1 ಡಿಗ್ರಿಗೆ ಮಾಡಿ. ಲಂಬ ಶಕ್ತಿ ನಾಲ್ಕು ಪಟ್ಟು, ಸುಮಾರು 30 ಬರುತ್ತದೆ. 10 ಡಿಗ್ರಿಗೆ ಮಾಡಿದರೆ 3,000. ಆಗ ಪ್ರೋಟಾನ್ ಒಳಗೆ ಹೋಗಿಬಿಡುತ್ತದೆ. ಎಕ್ಸ್-ರೇಗೂ ಪ್ರೋಟಾನ್‌ಗೂ ಪುಟಿಯುವ ಕಾರಣ ಬೇರೆ ಬೇರೆ. ಆದರೂ ಎರಡಕ್ಕೂ ಅನುಕೂಲವಾದ ಕೋನ ಒಂದೇ. ತೊಂದರೆಯ ಬೇರು ಇರುವುದು ಇಲ್ಲಿ.

ನಿಜವಾದ ಮೇಲ್ಮೈ ಪೂರ್ತಿ ನಯವಲ್ಲ. ಕೆಲವು ಪ್ರೋಟಾನ್‌ಗಳು ಒಂದೆರಡು ಪರಮಾಣು ಪದರದಷ್ಟು ಒಳಗೆ ಹೋಗಿ, ಅಲ್ಲಿ ಹಲವು ಸಲ ಚೂರು ಚೂರು ಬಾಗಿ, ಮತ್ತೆ ಹೊರಗೆ ಬರುತ್ತವೆ. ಹಾಗೆ ಬಂದವು ಸ್ವಲ್ಪ ಶಕ್ತಿ ಕಳೆದುಕೊಂಡಿರುತ್ತವೆ.

ಹಂತ 3: ಕನ್ನಡಿಯಲ್ಲಿ ಕಳೆದುಹೋಗುವ ಶಕ್ತಿ

100 ಕೆಇವಿ ಪ್ರೋಟಾನ್ ಚಿನ್ನದಲ್ಲಿ ಒಂದು ನ್ಯಾನೋಮೀಟರ್ ಸಾಗಿದರೆ ಸುಮಾರು 230 ಎಲೆಕ್ಟ್ರಾನ್ ವೋಲ್ಟ್ ಕಳೆದುಕೊಳ್ಳುತ್ತದೆ. ಇಂಥ ಅಂಕಿಗಳಿಗೆ ಅಮೆರಿಕದ ನಿಸ್ಟ್ ಸಂಸ್ಥೆಯ ಪಿಸ್ಟಾರ್ ಕೋಷ್ಟಕ ಇದೆ. ಎಸ್‌ಆರ್‌ಐಎಂ ಎಂಬ ಉಚಿತ ಪ್ರೋಗ್ರಾಂ ಕೂಡ ಇದೆ. ಎರಡನ್ನೂ ಬಳಸಿ ರೂಢಿ ಮಾಡಿಕೊಳ್ಳಿ.

ಅರ್ಧ ಡಿಗ್ರಿಯಲ್ಲಿ ಒಳಗೆ ಹೋಗಿ, ಅಷ್ಟೇ ಕೋನದಲ್ಲಿ ಹೊರಬರುವ ದಾರಿಯ ಉದ್ದ ಆಳದ ಸುಮಾರು 230 ಪಟ್ಟು. ಆಳ 0.2 ನ್ಯಾನೋಮೀಟರ್ ಆದರೆ ದಾರಿ 46 ನ್ಯಾನೋಮೀಟರ್. ಕಳೆದುಹೋದ ಶಕ್ತಿ ಸುಮಾರು 10 ಕೆಇವಿ. ಒಂದು ಚಿನ್ನದ ಪರಮಾಣುವಿನಷ್ಟೂ ಆಳಕ್ಕೆ ಹೋಗಿಲ್ಲ, ಆಗಲೇ ಹತ್ತು ಕೆಇವಿ ಖರ್ಚು! ಆಳ ಒಂದೇ ಒಂದು ನ್ಯಾನೋಮೀಟರ್ ಆದರೆ ಅರ್ಧಕ್ಕಿಂತ ಜಾಸ್ತಿ ಶಕ್ತಿ ಹೋಗಿರುತ್ತದೆ.

ಕೆಲವು ಹಳೆಯ ಮಾದರಿಗಳಲ್ಲಿ ಪ್ರೋಟಾನ್ ಶಕ್ತಿ ಕಳೆದುಕೊಳ್ಳದೆ ಪುಟಿಯುತ್ತದೆ ಎಂದು ಹಿಡಿಯುತ್ತಾರೆ. ಮೊದಲ ಅಂದಾಜಿಗೆ ಅದು ಸಾಕು. ಕಡಿಮೆ ಶಕ್ತಿಯ ಪ್ರೋಟಾನ್‌ಗಳ ಲೆಕ್ಕ ಸರಿಯಾಗಿ ಬರಬೇಕಾದರೆ ಸಾಲದು.

ಹಂತ 4: ಚದುರುವ ಕೋನಗಳ ಹಂಚಿಕೆ

ಪ್ರೋಟಾನ್ ಬಂದ ಕೋನದಲ್ಲೇ ಹೊರಗೆ ಹೋಗಬೇಕೆಂದಿಲ್ಲ. ಅದು ಹೆಚ್ಚೂ ಕಡಿಮೆ ಆಗುತ್ತದೆ. ಸಣ್ಣ ಕೋನದ ಚದುರುವಿಕೆಗೆ ಸೋವಿಯತ್ ಭೌತವಿಜ್ಞಾನಿ ಫಿರ್ಸೋವ್ 1960ರ ದಶಕದಲ್ಲಿ ಕೊಟ್ಟ ಸೂತ್ರವನ್ನು ಈ ಕ್ಷೇತ್ರದವರು ಇಂದಿಗೂ ಬಳಸುತ್ತಾರೆ. ಬದಿಗೆ ವಾಲುವುದನ್ನು ಬಿಟ್ಟು, ಮೇಲ್ಮೈಯಿಂದ ಎದ್ದ ಕೋನವನ್ನು ಮಾತ್ರ ನೋಡಿದರೆ ಅದು ಹೀಗಿದೆ. ಹೊರಬೀಳುವ ಕೋನವನ್ನು ಒಳಬಂದ ಕೋನದಿಂದ ಭಾಗಿಸಿ. ಬಂದದ್ದನ್ನು 'ಪ' ಎನ್ನಿ. ಆಗ:

ಸಾಧ್ಯತೆ = (3 ÷ 2ಪೈ) × ಪ^1.5 ÷ (1 + ಪ³)

ಕ್ಯಾಲ್ಕುಲೇಟರಿನಲ್ಲಿ ಕೆಲವು ಬೆಲೆ ಹಾಕಿ ನೋಡಿ. ಪ = 1 ಆದಾಗ 0.24. ಇದೇ ಶಿಖರ. ಅಂದರೆ ಬಂದಷ್ಟೇ ಕೋನದಲ್ಲಿ ಹೊರಡುವ ಸಾಧ್ಯತೆ ಎಲ್ಲಕ್ಕಿಂತ ಹೆಚ್ಚು, ಥೇಟ್ ಬೆಳಕಿನ ಹಾಗೆ. ಪ = 2 ಆದಾಗ 0.15. ಪ = ಅರ್ಧ ಆದಾಗಲೂ 0.15. ಪ = 5 ಆದಾಗ 0.04. ಶಿಖರದ ಆಚೆ ಬಾಲ ಬಹಳ ಉದ್ದ ಎಂಬುದನ್ನು ಗಮನಿಸಿ.

ಈಗ ಸೊನ್ನೆಯಿಂದ 2ರ ತನಕ ಕೂಡಿಸಿ. ಸುಮಾರು 0.34 ಬರುತ್ತದೆ. ಮೂರು ಪ್ರೋಟಾನ್‌ಗಳಲ್ಲಿ ಒಂದು ಮಾತ್ರ ಬಂದ ಕೋನದ ಎರಡು ಪಟ್ಟಿಗಿಂತ ಕೆಳಗೆ ಹೊರಡುತ್ತದೆ. ಉಳಿದ ಎರಡು ಅದಕ್ಕಿಂತ ಮೇಲಕ್ಕೆ ಹಾರುತ್ತವೆ. ಈ 'ಎರಡು ಪಟ್ಟು' ಎಂಬ ಗಡಿಯನ್ನು ನಾನು ಸುಮ್ನೆ ಆರಿಸಿಲ್ಲ. ಯಾಕೆಂದು ಮುಂದಿನ ಹಂತದಲ್ಲಿ ಗೊತ್ತಾಗುತ್ತದೆ.

ಹಂತ 5: ಎರಡನೆಯ ಕನ್ನಡಿ ಸಿಗುತ್ತದೋ ಇಲ್ಲವೋ

ಒಂದು ಚಿತ್ರ ಬರೆಯಿರಿ. ದಯವಿಟ್ಟು ಬರೆಯಿರಿ, ಮನಸ್ಸಿನಲ್ಲೇ ಮಾಡಬೇಡಿ. ಚಿಹ್ನೆ ತಪ್ಪುವುದು ಇಲ್ಲೇ.

ದೂರದರ್ಶಕದ ಅಕ್ಷವನ್ನು ಅಡ್ಡಗೆರೆಯಾಗಿ ಎಳೆಯಿರಿ. ಮೊದಲ ಕನ್ನಡಿ ಅಕ್ಷದ ಕಡೆಗೆ ಕ ಕೋನದಷ್ಟು ವಾಲಿದೆ. ಎರಡನೆಯದು 3ಕ ಕೋನದಷ್ಟು ವಾಲಿದೆ. ಪ್ರೋಟಾನ್ ಅಕ್ಷಕ್ಕೆ ಸಮಾಂತರವಾಗಿ ಬಂದು ಮೊದಲ ಕನ್ನಡಿಗೆ ಕ ಕೋನದಲ್ಲಿ ತಾಗುತ್ತದೆ. ಹ1 ಕೋನದಲ್ಲಿ ಹೊರಡುತ್ತದೆ. ಈಗ ಅಕ್ಷದ ಕಡೆಗೆ ಅದರ ವಾಲು ಕ + ಹ1. ಎರಡನೆಯ ಕನ್ನಡಿಯ ವಾಲಿನಿಂದ ಇದನ್ನು ಕಳೆಯಿರಿ:

ಎರಡನೆಯ ಕನ್ನಡಿಗೆ ತಾಗುವ ಕೋನ = 3ಕ − (ಕ + ಹ1) = 2ಕ − ಹ1

ಎಕ್ಸ್-ರೇಗೆ ಹ1 ಯಾವಾಗಲೂ ಕ. ಹಾಗಾಗಿ ಉತ್ತರವೂ ಕ. ಪ್ರೋಟಾನ್‌ಗೆ ಹ1 ಏನು ಬೇಕಾದರೂ ಆಗಬಹುದು. ಅದು 2ಕ ದಾಟಿತೋ, ಉತ್ತರ ಋಣವಾಗುತ್ತದೆ. ಅಂದರೆ ಪ್ರೋಟಾನ್ ಎರಡನೆಯ ಕನ್ನಡಿಗೆ ತಾಗುವುದೇ ಇಲ್ಲ. ಹಿಂದಿನ ಹಂತದ ಗಡಿ ಬಂದದ್ದು ಇಲ್ಲಿಂದ. ಮೂರರಲ್ಲಿ ಎರಡು ಪಾಲು ಪ್ರೋಟಾನ್‌ಗಳು ಎರಡನೆಯ ಕನ್ನಡಿಯನ್ನು ಕಾಣದೆ ಹೋಗುತ್ತವೆ.

ಅವುಗಳ ಗತಿ? ಹೆಚ್ಚಿನವು ಒಳಗಿನ ಪಕ್ಕದ ಕೊಳವೆಯ ಬೆನ್ನಿಗೆ ಬಡಿದು ಅಲ್ಲೇ ಮುಗಿಯುತ್ತವೆ. ಆದರೆ ಒಂದು ಕಳ್ಳದಾರಿ ಇದೆ. ಹ1 ಸುಮಾರು 3ಕ ಆದರೆ ಅಕ್ಷದ ಕಡೆಗಿನ ವಾಲು 4ಕ ಆಗುತ್ತದೆ. ಅದು ನಾಭಿಯ ದಿಕ್ಕೇ! ಮೊದಲ ಕನ್ನಡಿಯ ಕೊನೆಯ ಭಾಗದಲ್ಲಿ ತಾಗಿದ ಪ್ರೋಟಾನ್ ಹೀಗೆ ಹೊರಟರೆ, ಪಕ್ಕದ ಕೊಳವೆಗೆ ಬಡಿಯದೆ ನುಸುಳಿ, ಒಂದೇ ನೆಗೆತದಲ್ಲಿ ಡಿಟೆಕ್ಟರ್ ಮುಟ್ಟಬಹುದು. ಅಕ್ಷದ ಮೇಲಿನ ಆಕರದಿಂದ ಬಂದ ಎಕ್ಸ್-ರೇ ಎಂದೂ ಹೀಗೆ ಮಾಡುವುದಿಲ್ಲ. ಎಕ್ಸ್-ರೇಗೆಂದು ಬರೆದ ಕಿರಣ-ಜಾಡು ಪ್ರೋಗ್ರಾಂನಲ್ಲಿ ಪ್ರೋಟಾನ್ ಓಡಿಸುವವರು ಈ ದಾರಿಯನ್ನು ಮರೆತರೆ ಎಣಿಕೆ ಕಡಿಮೆ ಬರುತ್ತದೆ.

ಎರಡೂ ಕನ್ನಡಿಗೆ ತಾಗಿದವುಗಳ ವಿಷಯಕ್ಕೆ ಬರೋಣ. ಎರಡನೆಯ ಕನ್ನಡಿಯಿಂದ ಹೊರಡುವ ಕೋನ ಹ2 ಆದರೆ ಕೊನೆಯ ವಾಲು 3ಕ + ಹ2. ಇದು 4ಕ ಹತ್ತಿರ ಇರಬೇಕು. ಎಕ್ಸ್‌ಎಂಎಂನ ನೋಟದ ಅಗಲ ಸುಮಾರು ಅರ್ಧ ಡಿಗ್ರಿ. ಅಂದರೆ ಮಧ್ಯದಿಂದ ಕಾಲು ಡಿಗ್ರಿ ಆಚೀಚೆ ಆದರೂ ನಡೆಯುತ್ತದೆ. ಕ ಅರ್ಧ ಡಿಗ್ರಿ ಆದ್ದರಿಂದ ಹ2 ಎಂಬುದು ಕ ಕೋನದ ಅರ್ಧದಿಂದ ಒಂದೂವರೆ ಪಟ್ಟಿನ ಒಳಗೆ ಬೀಳಬೇಕು. ಫಿರ್ಸೋವ್ ಸೂತ್ರವನ್ನು 0.5ರಿಂದ 1.5ರ ತನಕ ಕೂಡಿಸಿದರೆ 0.22 ಬರುತ್ತದೆ.

0.34 × 0.22 = ಸುಮಾರು 0.07. ಬದಿಗೆ ವಾಲಿ ತಪ್ಪಿಹೋಗುವವೂ ಇವೆ. ಬದಿಯ ಹರಡೂ ಸರಿಸುಮಾರು ಕ ಮಟ್ಟದ್ದೇ. ಅದಕ್ಕೆ ಮೂರರಲ್ಲಿ ಒಂದು ಪಾಲು ಉಳಿಯುತ್ತದೆ ಎಂದು ಒರಟಾಗಿ ಹಿಡಿದರೆ ಕೊನೆಗೆ 0.02. ನೂರಕ್ಕೆ ಎರಡು. ನಿಖರವಾದ ಉತ್ತರ ಇದಲ್ಲ. ಎರಡನೆಯ ಕನ್ನಡಿಗೆ ತಾಗುವ ಕೋನ ಪ್ರತಿ ಪ್ರೋಟಾನ್‌ಗೂ ಬೇರೆ ಬೇರೆ ಎಂಬುದನ್ನೂ ಇಲ್ಲಿ ಬದಿಗಿಟ್ಟಿದ್ದೇವೆ. ಆದರೆ ಉತ್ತರ ಯಾವ ಮಟ್ಟದಲ್ಲಿರುತ್ತದೆ ಎಂದು ಈಗ ನಿಮಗೆ ಗೊತ್ತು. ನಾಳೆ ಕಂಪ್ಯೂಟರ್ ನೂರಕ್ಕೆ ನಲವತ್ತು ಎಂದರೆ ನಂಬಬೇಡಿ.

ಹಂತ 6: ಫಿಲ್ಟರಿನ ಸುಂಕ

ಡಿಟೆಕ್ಟರಿನ ಮುಂದೆ ಬೆಳಕನ್ನು ತಡೆಯುವ ತೆಳು ಹಾಳೆ ಇರುತ್ತದೆ. ಎಕ್ಸ್‌ಎಂಎಂನ ತೆಳು ಫಿಲ್ಟರಿನಲ್ಲಿ 160 ನ್ಯಾನೋಮೀಟರ್ ಪಾಲಿಇಮೈಡ್ ಪ್ಲಾಸ್ಟಿಕ್ ಇದೆ, ಅದರ ಮೇಲೆ 40 ನ್ಯಾನೋಮೀಟರ್ ಅಲ್ಯೂಮಿನಿಯಂ ಇದೆ. ಪ್ಲಾಸ್ಟಿಕ್‌ನಲ್ಲಿ ನ್ಯಾನೋಮೀಟರಿಗೆ ಸುಮಾರು 100 ಎಲೆಕ್ಟ್ರಾನ್ ವೋಲ್ಟ್, ಅಲ್ಯೂಮಿನಿಯಂನಲ್ಲಿ ಸುಮಾರು 120 ಎಂದು ಹಿಡಿಯಿರಿ. 16 + 5 = ಸುಮಾರು 21 ಕೆಇವಿ. ಮಧ್ಯಮ ಫಿಲ್ಟರಿನಲ್ಲಿ ಅಲ್ಯೂಮಿನಿಯಂ ಎರಡರಷ್ಟು, 80 ನ್ಯಾನೋಮೀಟರ್. ಅಲ್ಲಿ 26 ಕೆಇವಿ.

ಹಂತ 7: ಯಾವ ಪ್ರೋಟಾನ್ ಏನು ಮಾಡುತ್ತದೆ ಎಂದು ಬೇರೆ ಮಾಡಿ

ಹೊಸಬರು ಗೊಂದಲ ಮಾಡಿಕೊಳ್ಳುವ ಜಾಗ ಇದು. ಇಲ್ಲಿ ಎರಡು ಬೇರೆ ಬೇರೆ ಸಮಸ್ಯೆಗಳಿವೆ.

ಮೊದಲನೆಯದು ಹಾನಿ. 100 ಕೆಇವಿ ಪ್ರೋಟಾನ್ ಸಿಲಿಕಾನ್‌ನಲ್ಲಿ ಸುಮಾರು 1 ಮೈಕ್ರೋಮೀಟರ್ ಹೋಗಿ ನಿಲ್ಲುತ್ತದೆ. ಮುಂಬದಿಯಿಂದ ಬೆಳಕು ಪಡೆಯುವ ಸಿಸಿಡಿಯಲ್ಲಿ ಎಲೆಕ್ಟ್ರಾನ್‌ಗಳು ಸಾಗುವ ಕಾಲುವೆ ಇರುವುದೂ ಮುಂಬದಿಯ ಹತ್ತಿರ, ಅಷ್ಟೇ ಆಳದಲ್ಲಿ. ಪ್ರೋಟಾನ್ ನಿಲ್ಲುವ ಹೊತ್ತಿಗೆ ಸಿಲಿಕಾನ್ ಪರಮಾಣುಗಳನ್ನು ಜಾಗ ಬಿಡಿಸುತ್ತದೆ. ಆ ಖಾಲಿ ಜಾಗಗಳು ಗುಂಡಿಗಳಾಗುತ್ತವೆ. ಸಾಗುತ್ತಿರುವ ಎಲೆಕ್ಟ್ರಾನ್‌ಗಳು ಅದರಲ್ಲಿ ಸಿಕ್ಕಿಹಾಕಿಕೊಳ್ಳುತ್ತವೆ. ಓದುವ ತುದಿಯಿಂದ ದೂರದ ಸಾಲುಗಳಿಗೆ ಹೊಡೆತ ಜಾಸ್ತಿ, ಯಾಕೆಂದರೆ ಅಲ್ಲಿಂದ ಬರುವ ಎಲೆಕ್ಟ್ರಾನ್‌ಗಳು ಹೆಚ್ಚು ಗುಂಡಿ ದಾಟಬೇಕು. ಚಂದ್ರಾದಲ್ಲಿ ಆದದ್ದು ಇದೇ.

ಹತ್ತರಲ್ಲಿ ಎರಡು ಸಿಸಿಡಿ ಉಳಿದದ್ದು ಹೇಗೆ? ಅವು ತಿರುಗಿ ಕೂತಿದ್ದವು. ಹಿಂಬದಿಯಿಂದ ಎಕ್ಸ್-ರೇ ಪಡೆಯುವ ಬಗೆ ಅವು. ಪ್ರೋಟಾನ್ ಒಂದು ಮೈಕ್ರೋಮೀಟರ್ ಹೋಗಿ ನಿಂತಿತು. ಕಾಲುವೆ ಅದರಿಂದ ಹತ್ತಾರು ಮೈಕ್ರೋಮೀಟರ್ ಆಚೆ, ಇನ್ನೊಂದು ಬದಿಯಲ್ಲಿತ್ತು. 1,000 ಕೆಇವಿ ಪ್ರೋಟಾನ್ ಆಗಿದ್ದರೆ ಸುಮಾರು 16 ಮೈಕ್ರೋಮೀಟರ್ ಹೋಗುತ್ತಿತ್ತು, ಆಗಲೂ ಕಾಲುವೆ ಮುಟ್ಟುತ್ತಿರಲಿಲ್ಲ. ತಪ್ಪು ಮಾಡಿದವು ಸುಮಾರು 100ರಿಂದ ಕೆಲವು ನೂರು ಕೆಇವಿ ನಡುವಿನ ಪ್ರೋಟಾನ್‌ಗಳೇ ಎಂದು ತಜ್ಞರಿಗೆ ಹೊಳೆಯಲು ಈ ಎರಡು ಚಿಪ್‌ಗಳು ದೊಡ್ಡ ಸುಳಿವಾದವು.

ಎರಡನೆಯದು ಮಾಹಿತಿಯ ಕಲಬೆರಕೆ. ಪ್ರೋಟಾನ್ ಸಿಸಿಡಿಯಲ್ಲಿ 1ರಿಂದ 10 ಕೆಇವಿ ಮಾತ್ರ ಸುರಿದರೆ, ಸಿಸಿಡಿಗೆ ಅದು ಎಕ್ಸ್-ರೇ ಥರಾನೇ ಕಾಣುತ್ತದೆ. ಹಾಗೆ ಕಾಣಬೇಕಾದರೆ ಅದು ಎಷ್ಟು ಶಕ್ತಿಯಿಂದ ಹೊರಟಿರಬೇಕು? ಹಿಂದಕ್ಕೆ ಲೆಕ್ಕ ಹಾಕಿ. ಸಿಸಿಡಿಯಲ್ಲಿ 5, ಫಿಲ್ಟರಿನಲ್ಲಿ 20, ಎರಡು ಕನ್ನಡಿಗಳಲ್ಲಿ ಸೇರಿ ಹತ್ತಿಪ್ಪತ್ತು. ಹತ್ತಿರ ಹತ್ತಿರ 40 ಕೆಇವಿ. ಅಂದರೆ ಚಿತ್ರವನ್ನು ಕೆಡಿಸುವವು ಕೆಲವು ಹತ್ತು ಕೆಇವಿಯವು. ಚಿಪ್ಪನ್ನೇ ಕೆಡಿಸುವವು ಅದಕ್ಕಿಂತ ಬಲವಾದವು. ನಿಮ್ಮ ಪ್ರಶ್ನೆ ಯಾವುದು ಎಂದು ಮೊದಲು ತೀರ್ಮಾನಿಸಿ, ಆಮೇಲೆ ಶಕ್ತಿಯ ವ್ಯಾಪ್ತಿ ಆರಿಸಿ.

ಹಂತ 8: ಎಣಿಕೆಗೆ ಇಳಿಸಿ

ಬಾಹ್ಯಾಕಾಶದಲ್ಲಿ ಪ್ರೋಟಾನ್ ಎಲ್ಲ ದಿಕ್ಕಿನಿಂದ ಬರುತ್ತದೆ. ಹಾಗಾಗಿ ಐದು ಸಂಖ್ಯೆ ಗುಣಿಸಬೇಕು: ಪ್ರವಾಹ, ಶಕ್ತಿಯ ಅಗಲ, ಬಾಯಿಯ ವಿಸ್ತೀರ್ಣ, ಘನಕೋನ, ದಾಟುವ ಪಾಲು.

ಅಭ್ಯಾಸಕ್ಕಾಗಿ ಅಂಕಿ ಹಾಕೋಣ. ಚದರ ಸೆಂಟಿಮೀಟರಿಗೆ, ಸೆಕೆಂಡಿಗೆ, ಸ್ಟೆರೇಡಿಯನ್‌ಗೆ, ಕೆಇವಿಗೆ 10 ಪ್ರೋಟಾನ್ ಎಂದಿರಲಿ. ಇದು ನಾನು ಲೆಕ್ಕಕ್ಕೆಂದು ಇಟ್ಟ ಸಂಖ್ಯೆ. ಶಕ್ತಿಯ ಅಗಲ 20 ಕೆಇವಿ. ವಿಸ್ತೀರ್ಣ 1,500 ಚದರ ಸೆಂಟಿಮೀಟರ್. ಅಕ್ಷದ ಸುತ್ತ ಒಂದೂವರೆ ಡಿಗ್ರಿಯ ಶಂಕು ತೆಗೆದುಕೊಂಡರೆ ಘನಕೋನ ಸುಮಾರು 0.002. ದಾಟುವ ಪಾಲು 0.02.

10 × 20 × 1,500 × 0.002 × 0.02 = ಸೆಕೆಂಡಿಗೆ 12

ಸೆಕೆಂಡಿಗೆ ಹನ್ನೆರಡು ಎಂದರೆ ಮಸುಕಾದ ಗೆಲಾಕ್ಸಿ ಗುಂಪಿನ ಎಕ್ಸ್-ರೇಯನ್ನು ಮುಳುಗಿಸಿಬಿಡುತ್ತದೆ.

ನಿಜವಾದ ಪ್ರವಾಹ ಎಲ್ಲಿ ಸಿಗುತ್ತದೆ? 1997ರಲ್ಲಿ ಹಾರಿದ ಅಮೆರಿಕದ ಏಸ್ ಉಪಗ್ರಹ ಭೂಮಿಯಿಂದ ಸೂರ್ಯನ ಕಡೆಗೆ 15 ಲಕ್ಷ ಕಿಲೋಮೀಟರ್ ದೂರದ ಎಲ್1 ಬಿಂದುವಿನ ಬಳಿ ಇದೆ. ಅದರ ಸುಮಾರು 100ರಿಂದ 200 ಕೆಇವಿ ಪಟ್ಟಿಯ ಅಳತೆಯನ್ನು ಚಂದ್ರಾ ನಡೆಸುವವರು ಕಣ್ಣಿಟ್ಟು ನೋಡುತ್ತಾರೆ. ನಮ್ಮ ಆದಿತ್ಯ-ಎಲ್1 ಕೂಡ 2024ರ ಜನವರಿಯಿಂದ ಅಲ್ಲೇ ಇದೆ. ಅದರ ಆಸ್ಪೆಕ್ಸ್ ಉಪಕರಣ 20 ಕೆಇವಿಯಿಂದ ಮೇಲಿನ ಕಣಗಳನ್ನು ಅಳೆಯುತ್ತದೆ. ಅಂದರೆ ನಮಗೆ ಬೇಕಾದ ವ್ಯಾಪ್ತಿಯೇ. ಇಸ್ರೋದ ಮಾಹಿತಿ ಕೇಂದ್ರ ಇರುವುದು ಬೆಂಗಳೂರಿನ ಹೊರಗೆ ಬ್ಯಾಲಾಳುವಿನಲ್ಲಿ. ಕರ್ನಾಟಕದ ವಿದ್ಯಾರ್ಥಿಗಳು ಈ ಮಾಹಿತಿ ಹಿಡಿದು ಇಂಥ ಲೆಕ್ಕ ಮಾಡಬೇಕು ಎಂಬುದು ನನ್ನ ಮನದಾಳದ ಆಸೆ. ಒಂದು ಎಚ್ಚರಿಕೆ: ವಿಕಿರಣ ಪಟ್ಟಿಯೊಳಗಿನ ಪ್ರವಾಹಕ್ಕೆ ಎಲ್1ರ ಅಳತೆ ಹೊಂದುವುದಿಲ್ಲ. ಅವೆರಡು ಬೇರೆ ಬೇರೆ ಪರಿಸರ.

ಹಂತ 9: ಈಗ ಕಂಪ್ಯೂಟರ್

ಈ ಕೆಲಸಕ್ಕೆ ಎಲ್ಲರೂ ಬಳಸುವುದು ಜಿಯಾಂಟ್4 ಎಂಬ ಉಚಿತ ಸಾಫ್ಟ್‌ವೇರ್. ಇಡೀ ದೂರದರ್ಶಕ ಕಟ್ಟಲು ಹೋಗಬೇಡಿ. ಒಂದು ಚಪ್ಪಟೆ ನಿಕ್ಕಲ್ ಹಲಗೆ, ಮೇಲೆ 0.2 ಮೈಕ್ರೋಮೀಟರ್ ಚಿನ್ನ. ಅದರ ಮೇಲೆ ಅರ್ಧ ಡಿಗ್ರಿಯಲ್ಲಿ 250 ಕೆಇವಿ ಪ್ರೋಟಾನ್ ಸುರಿಸಿ. ಹೊರಬರುವ ಕೋನ, ಶಕ್ತಿ ಎರಡನ್ನೂ ಬರೆದಿಡಿ. ಅಷ್ಟೇ.

ನಾನು ಮೊದಲ ಸಲ ಇದನ್ನು ಮಾಡಿದಾಗ ಎಲ್ಲ ಸೆಟ್ಟಿಂಗನ್ನೂ ಇದ್ದ ಹಾಗೇ ಬಿಟ್ಟಿದ್ದೆ. ಚೆಂದದ ಗ್ರಾಫ್ ಬಂತು. ಹೆಜ್ಜೆಯ ಉದ್ದವನ್ನು, ಅಂದರೆ ಪ್ರೋಗ್ರಾಂ ಕಣವನ್ನು ಒಂದು ಸಲಕ್ಕೆ ಸಾಗಿಸುವ ದೂರವನ್ನು, ಅರ್ಧ ಮಾಡಿದೆ, ಗ್ರಾಫ್ ಬದಲಾಯಿತು. ಮತ್ತೆ ಅರ್ಧ ಮಾಡಿದೆ, ಮತ್ತೆ ಬದಲಾಯಿತು. ಎರಡು ದಿನದ ಕೆಲಸ ಬಿಸಾಡಬೇಕಾಯಿತು. ಜಿಯಾಂಟ್4ರ ಮೂಲ ಸೆಟ್ಟಿಂಗ್‌ಗಳು ಮಿಲಿಮೀಟರ್ ಮಟ್ಟದ ವಸ್ತುಗಳಿಗೆಂದು ಇರುವಂಥವು. ಉದಾಹರಣೆಗೆ ಹೊಸ ಕಣಗಳನ್ನು ಹುಟ್ಟಿಸುವ ಮಿತಿ 0.7 ಮಿಲಿಮೀಟರ್. ನಮ್ಮ ಆಟ ನಡೆಯುವುದು ನ್ಯಾನೋಮೀಟರಿನಲ್ಲಿ. ಚಿನ್ನದ ಪದರಕ್ಕೆ ಬೇರೆಯೇ ಹೆಜ್ಜೆಯ ಮಿತಿ ಹಾಕಿ. ಅರ್ಧ ಮಾಡಿದರೂ ಉತ್ತರ ಬದಲಾಗದ ತನಕ ಕುಗ್ಗಿಸುತ್ತಾ ಹೋಗಿ.

ಭೌತ ಮಾದರಿಯಲ್ಲಿ ಎರಡು ಆಯ್ಕೆ ಇದೆ. ಹಲವು ಚದುರುವಿಕೆಗಳನ್ನು ಒಟ್ಟಿಗೆ ಸೇರಿಸಿ ಒಂದೇ ಹೆಜ್ಜೆಯಲ್ಲಿ ಮುಗಿಸುವುದು ವೇಗದ ದಾರಿ. ಒಂದೊಂದು ಡಿಕ್ಕಿಯನ್ನೂ ಬೇರೆಯಾಗಿ ಮಾಡುವುದು ನಿಧಾನದ ದಾರಿ. ಎರಡನ್ನೂ ಓಡಿಸಿ ಹೋಲಿಸಿ. ಒಂದು ಮಾತು ನೆನಪಿರಲಿ: ಈ ಸಾಫ್ಟ್‌ವೇರಿಗೆ ಚಿನ್ನ ಎಂದರೆ ಗೊತ್ತುಗುರಿಯಿಲ್ಲದೆ ಹರಡಿದ ಪರಮಾಣುಗಳು. ಎರಡನೆಯ ಹಂತದಲ್ಲಿ ನೋಡಿದ, ಮೇಲ್ಮೈ ಪರಮಾಣುಗಳು ಒಟ್ಟಾಗಿ ಒಡ್ಡುವ ತಡೆ ಇದರಲ್ಲಿ ಇಲ್ಲ. ಇಲ್ಲಿ ಪ್ರೋಟಾನ್ ಒಳಗೆ ಹೋಗಿಯೇ ಹೊರಬರುತ್ತದೆ. ಫಿರ್ಸೋವ್ ಸೂತ್ರಕ್ಕೂ ಇದಕ್ಕೂ ವ್ಯತ್ಯಾಸ ಕಂಡರೆ ಗಾಬರಿಯಾಗಬೇಡಿ.

ತೀರ್ಪು ಕೊಡಬೇಕಾದದ್ದು ಪ್ರಯೋಗ. ಜರ್ಮನಿಯ ಟ್ಯೂಬಿಂಗನ್ ವಿಶ್ವವಿದ್ಯಾಲಯದಲ್ಲಿ ಇರೋಸೀಟಾ ದೂರದರ್ಶಕದ ಚಿನ್ನ ಲೇಪಿಸಿದ ಕನ್ನಡಿಯ ತುಂಡೊಂದಕ್ಕೆ 250 ಕೆಇವಿಯಿಂದ 1,000 ಕೆಇವಿ ಮಟ್ಟದ ಪ್ರೋಟಾನ್‌ಗಳನ್ನು ಹಾಯಿಸಿ ಅಳೆದಿದ್ದಾರೆ. ಫಲಿತಾಂಶ 2015ರಲ್ಲಿ ಪ್ರಕಟವಾಯಿತು. ನಿಮ್ಮ ಹಲಗೆಯ ಉತ್ತರವನ್ನು ಆ ಅಳತೆಯ ಪಕ್ಕ ಇಟ್ಟು ನೋಡಿ. ಅದು ಕೂಡಿಬಂದ ಮೇಲೆ ಮಾತ್ರ ಕೊಳವೆಗಳನ್ನು ಕಟ್ಟಲು ಶುರು ಮಾಡಿ.

ಹಂತ 10: ಕೈಗೆ ಬಂದ ಮಾಹಿತಿಯನ್ನು ಸೋಸುವುದು

ದೂರದರ್ಶಕ ಕಟ್ಟದವರಿಗೂ ಈ ವಿಷಯ ಬೇಕು. ಎಕ್ಸ್‌ಎಂಎಂನ ಹಳೆಯ ಮಾಹಿತಿ ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಅದರ ನೋಡುವ ಸಮಯದಲ್ಲಿ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಪ್ರೋಟಾನ್ ಎಣಿಕೆ ಇದ್ದಕ್ಕಿದ್ದಂತೆ ಏರುವ ಉಬ್ಬರಕ್ಕೆ ಬಲಿಯಾಗುತ್ತದೆ. ಹಾಗಾಗಿ ಮೊದಲ ಕೆಲಸವೇ ಸೋಸುವುದು.

10 ಕೆಇವಿಗಿಂತ ಮೇಲಿನ ಎಣಿಕೆಯನ್ನು ಮಾತ್ರ ತೆಗೆಯಿರಿ. ಅಷ್ಟು ಶಕ್ತಿಯ ಎಕ್ಸ್-ರೇಯನ್ನು ಈ ಕನ್ನಡಿ ಬಹಳ ಕಡಿಮೆ ಪ್ರತಿಫಲಿಸುತ್ತದೆ, ಹಾಗಾಗಿ ಅಲ್ಲಿ ಕಾಣುವುದು ಹೆಚ್ಚಾಗಿ ಕಲಬೆರಕೆ. 100 ಸೆಕೆಂಡಿನ ತುಂಡು ಮಾಡಿ ಸಮಯದ ಎದುರು ಗ್ರಾಫ್ ಹಾಕಿ. ಶಾಂತ ಹೊತ್ತಿನಲ್ಲಿ ಗೆರೆ ಮಟ್ಟಸವಾಗಿರುತ್ತದೆ. ಉಬ್ಬರ ಬಂದಾಗ ಹತ್ತು ಪಟ್ಟು, ನೂರು ಪಟ್ಟು ಏರುತ್ತದೆ. ಎಕ್ಸ್‌ಎಂಎಂನ ಮಾಸ್ ಎಂಬ ಕ್ಯಾಮೆರಾಗಳಿಗೆ ಸೆಕೆಂಡಿಗೆ 0.35 ಎಣಿಕೆ, ಪಿಎನ್ ಎಂಬ ಕ್ಯಾಮೆರಾಕ್ಕೆ 10ರಿಂದ 12 ಕೆಇವಿ ಪಟ್ಟಿಯಲ್ಲಿ 0.4 ಎಂಬ ಮಿತಿಯಿಂದ ಶುರು ಮಾಡುವುದು ವಾಡಿಕೆ. ಅದನ್ನು ಕಣ್ಣುಮುಚ್ಚಿ ಹಾಕಬೇಡಿ. ನಿಮ್ಮ ಗ್ರಾಫಿನ ಶಾಂತ ಮಟ್ಟ ನೋಡಿ ಏರಿಸಿ, ಇಳಿಸಿ.

ಇಷ್ಟಾದ ಮೇಲೂ ಮೆಲ್ಲಗೆ, ಒಂದೇ ಮಟ್ಟದಲ್ಲಿ ಹರಿಯುವ ಪ್ರೋಟಾನ್ ಉಳಿದಿರಬಹುದು. ಅದನ್ನು ಹಿಡಿಯಲು ಡಿಟೆಕ್ಟರಿನ ಮೂಲೆಗಳನ್ನು ನೋಡಿ. ಕನ್ನಡಿಯಿಂದ ಬಂದದ್ದು ನೋಟದ ವೃತ್ತದೊಳಗೆ ಮಾತ್ರ ಬೀಳುತ್ತದೆ. ಕವಚ ತೂರಿ ಬರುವ ಬಲವಾದ ಕಣಗಳು ಮೂಲೆಗೂ ಬೀಳುತ್ತವೆ. 10 ಕೆಇವಿ ಆಸುಪಾಸಿನಲ್ಲಿ ವೃತ್ತದೊಳಗಿನ ಸಾಂದ್ರತೆಯನ್ನು ಮೂಲೆಯ ಸಾಂದ್ರತೆಯಿಂದ ಭಾಗಿಸಿ. ಉತ್ತರ 1ರ ಹತ್ತಿರ ಇದ್ದರೆ ಸಮಾಧಾನ. ಹೆಚ್ಚಾದಷ್ಟೂ ಪ್ರೋಟಾನ್ ಉಳಿದಿದೆ ಎಂದರ್ಥ.

ಹಂತ 11: ತಡೆಯುವ ದಾರಿ

ಚಂದ್ರಾ ತಂಡ ಮಾಡಿದ್ದು ಸರಳ ಕೆಲಸ. ವಿಕಿರಣ ಪಟ್ಟಿ ದಾಟುವಾಗಲೆಲ್ಲ ಆ ಕ್ಯಾಮೆರಾವನ್ನು ನಾಭಿಯಿಂದ ಪಕ್ಕಕ್ಕೆ ಸರಿಸುತ್ತಾರೆ. ಆ ರೂಢಿ ಬಂದ ಮೇಲೆ ಹಾನಿಯ ವೇಗ ತೀರಾ ಇಳಿಯಿತು. 1999ರ ಡಿಸೆಂಬರ್ 10ರಂದು ಹಾರಿದ ಎಕ್ಸ್‌ಎಂಎಂ ಈ ಪಾಠ ಕಲಿತೇ ಮೇಲೆ ಹೋಯಿತು. ಅದು ಪಟ್ಟಿಯೊಳಗೆ ಫಿಲ್ಟರ್ ಚಕ್ರ ತಿರುಗಿಸಿ ಲೋಹದ ಮುಚ್ಚಳ ಹಾಕಿಕೊಳ್ಳುತ್ತದೆ. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಕಟ್ಟಿದ ಎಕ್ಸ್-ರೇ ದೂರದರ್ಶಕವನ್ನು ಹೊತ್ತ ನಮ್ಮ ಆಸ್ಟ್ರೋಸ್ಯಾಟ್ 2015ರಲ್ಲಿ ಬೇರೆ ದಾರಿ ಹಿಡಿಯಿತು. 650 ಕಿಲೋಮೀಟರ್ ಎತ್ತರ, ಸಮಭಾಜಕಕ್ಕೆ ಬರೀ 6 ಡಿಗ್ರಿ ವಾಲು. ಅಲ್ಲಿ ಭೂಮಿಯ ಕಾಂತಕ್ಷೇತ್ರವೇ ಕೊಡೆ.

ದೂರದ ಕಕ್ಷೆಗೆ ಹೋಗುವವರಿಗೆ ಆ ಕೊಡೆ ಇಲ್ಲ. ಅವರಿಗೆ ಉಳಿಯುವುದು ಅಯಸ್ಕಾಂತ. ಅದರ ಲೆಕ್ಕವನ್ನೂ ಮಾಡಿಬಿಡಿ. 100 ಕೆಇವಿ ಪ್ರೋಟಾನ್ 0.1 ಟೆಸ್ಲಾ ಕ್ಷೇತ್ರದಲ್ಲಿ 46 ಸೆಂಟಿಮೀಟರ್ ತ್ರಿಜ್ಯದ ವೃತ್ತದಲ್ಲಿ ಬಾಗುತ್ತದೆ. ಕ್ಷೇತ್ರದ ಉದ್ದ 5 ಸೆಂಟಿಮೀಟರ್ ಇದ್ದರೆ ಬಾಗುವ ಕೋನ 5 ÷ 46, ಅಂದರೆ ಸುಮಾರು 6 ಡಿಗ್ರಿ. ಅಲ್ಲಿಂದ ಡಿಟೆಕ್ಟರ್ ಒಂದು ಮೀಟರ್ ಕೆಳಗಿದ್ದರೆ ಪ್ರೋಟಾನ್ 11 ಸೆಂಟಿಮೀಟರ್ ಪಕ್ಕಕ್ಕೆ ಬೀಳುತ್ತದೆ. ಡಿಟೆಕ್ಟರ್ ಅದಕ್ಕಿಂತ ಚಿಕ್ಕದಾದರೆ ಗೆದ್ದಂತೆ. ಚಂದ್ರಾ, ಎಕ್ಸ್‌ಎಂಎಂ ಎರಡರಲ್ಲೂ ಅಯಸ್ಕಾಂತಗಳಿವೆ. ಆದರೆ ಅವು ಎಲೆಕ್ಟ್ರಾನ್ ಗುಡಿಸಲು ಇಟ್ಟವು. ಅದೇ ಶಕ್ತಿಯ ಎಲೆಕ್ಟ್ರಾನ್‌ಗಿಂತ ಪ್ರೋಟಾನ್ ಬಾಗಿಸುವುದು 40 ಪಟ್ಟು ಕಷ್ಟ. ಹಾಗಾಗಿ ಅವು ಪ್ರೋಟಾನ್‌ಗೆ ಲೆಕ್ಕಕ್ಕಿಲ್ಲ.

ಯುರೋಪ್ 2030ರ ದಶಕದ ಕೊನೆಗೆ ಹಾರಿಸಲು ಸಿದ್ಧ ಮಾಡುತ್ತಿರುವ ನ್ಯೂಅಥೀನಾ ದೂರದರ್ಶಕದ ಯೋಜನೆಯಲ್ಲಿ ಪ್ರೋಟಾನ್‌ಗೆಂದೇ ಅಯಸ್ಕಾಂತ ಸೇರಿದೆ. ಅಯಸ್ಕಾಂತ ಎಷ್ಟು ಬಲವಾದಷ್ಟೂ ಭಾರ ಹೆಚ್ಚು. ಎಷ್ಟು ಬಲ ಸಾಕು ಎಂದು ಹೇಳಬೇಕಾದರೆ ಪ್ರೋಟಾನ್ ಎಷ್ಟು ಶಕ್ತಿ ಉಳಿಸಿಕೊಂಡು, ಯಾವ ಕೋನದಲ್ಲಿ ಕನ್ನಡಿಯಿಂದ ಹೊರಬರುತ್ತದೆ ಎಂದು ಮೊದಲು ಗೊತ್ತಿರಬೇಕು. ಮೂರನೆಯ ಮತ್ತು ಐದನೆಯ ಹಂತದ ನಿಮ್ಮ ಹಾಳೆಗಳನ್ನು ಎತ್ತಿಟ್ಟುಕೊಂಡಿರಿ. ಈಗ ಅದೇ ಲೆಕ್ಕವನ್ನು 12 ಮೀಟರ್ ನಾಭಿದೂರಕ್ಕೆ ಮಾಡಿ ನೋಡಿ.